ಹಳೇ ಕಾರಿನಿಂದ ಹೊಸ ಕಾರಿಗೆ: ಬಿಡಬೇಕಾದ ರೂಢಿ, ಬಿಡಬಾರದ ರೂಢಿ

ನಾನು ಡ್ರೈವಿಂಗ್ ಕಲಿತದ್ದು ಅಪ್ಪನ ಕಾರಿನಲ್ಲಿ. ಬೆಳಿಗ್ಗೆ ಚೋಕ್ ಎಳೆಯಬೇಕು, ಆಕ್ಸಿಲರೇಟರ್ ಎರಡು ಸಲ ತುಳಿಯಬೇಕು, ಕೀ ತಿರುಗಿಸಿ ಎಂಜಿನ್ ಸದ್ದು ಒಂದು ಹದಕ್ಕೆ ಬರುವವರೆಗೆ ಕಾಯಬೇಕು. ಆಮೇಲೆ ಚೋಕನ್ನು ನಿಧಾನಕ್ಕೆ ಒಳಗೆ ತಳ್ಳಬೇಕು. ಅವಸರ ಮಾಡಿದರೆ ಮೊದಲ ತಿರುವಿನಲ್ಲೇ ಗಾಡಿ ಕೆಮ್ಮಿ ನಿಂತುಬಿಡುತ್ತಿತ್ತು. ಎಷ್ಟೋ ವರ್ಷಗಳ ನಂತರ ಕಂಪ್ಯೂಟರ್ ಇರುವ ಕಾರು ಕೈಗೆ ಬಂತು. ಆಗಲೂ ಕಾಲು ತಾನಾಗಿಯೇ ಆಕ್ಸಿಲರೇಟರ್ ತುಳಿಯುತ್ತಿತ್ತು.

ಹಳೇದು ಗಟ್ಟಿಯೋ, ಹೊಸದು ಒಳ್ಳೆಯದೋ ಎಂಬ ವಾದ ಎಲ್ಲ ಮನೆಗಳಲ್ಲೂ ನಡೆಯುತ್ತದೆ. ನನಗೆ ಅದಕ್ಕಿಂತ ಉಪಯೋಗ ಅನ್ನಿಸುವುದು ಬೇರೆ ಪ್ರಶ್ನೆ. ಮೊದಲು ನಾವು ಕೈಯಾರೆ ಮಾಡುತ್ತಿದ್ದ ಕೆಲಸಗಳಲ್ಲಿ ಯಾವುದನ್ನು ಕಂಪ್ಯೂಟರ್ ವಹಿಸಿಕೊಂಡಿದೆ? ಯಾವುದು ಇನ್ನೂ ನಮ್ಮ ಪಾಲಿಗೇ ಇದೆ? ಇದು ಗೊತ್ತಿಲ್ಲದಿದ್ದರೆ ಹಳೇ ರೂಢಿಯಿಂದಲೇ ಹೊಸ ಕಾರನ್ನು ಹಾಳುಮಾಡುತ್ತೇವೆ. ಒಂದೊಂದಾಗಿ ನೋಡೋಣ.

ಹೆಜ್ಜೆ 1: ಸ್ಟಾರ್ಟ್ ಮಾಡುವುದನ್ನು ಹೊಸದಾಗಿ ಕಲಿಯಿರಿ

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹಳೇ ಕಾರುಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಈ ಲೆಕ್ಕವನ್ನು ಕಂಪ್ಯೂಟರ್ ಇಲ್ಲದೆಯೇ ಮಾಡುತ್ತಿತ್ತು. ಒಳಗೆ ಹೋಗುವ ಗಾಳಿ ಒಂದು ಕಿರಿದಾದ ಜಾಗ ದಾಟುವಾಗ ಅದರ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಆ ಎಳೆತಕ್ಕೆ ಪೆಟ್ರೋಲ್ ಸಣ್ಣ ತೂತಿನಿಂದ ಚಿಮ್ಮಿ ಬರುತ್ತದೆ. ಎಷ್ಟು ಸರಳ, ಎಷ್ಟು ಜಾಣತನ! ಆದರೆ ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೇ ಚೋಕ್ ಎಳೆದು ಗಾಳಿ ಕಡಿಮೆ ಮಾಡುತ್ತಿದ್ದೆವು. ಆಕ್ಸಿಲರೇಟರ್ ತುಳಿದಾಗ ಒಳಗಿನ ಪುಟ್ಟ ಪಂಪ್ ಒಂದಿಷ್ಟು ಹಸಿ ಪೆಟ್ರೋಲ್ ಚಿಮ್ಮಿಸುತ್ತಿತ್ತು.

1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಜೆಕ್ಷನ್ (ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ಲೆಕ್ಕ ಹಾಕುವ ವ್ಯವಸ್ಥೆ) ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂತು. 1976ರಲ್ಲಿ ವೋಲ್ವೋ ಕಾರುಗಳಲ್ಲಿ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಸೇರಿತು. ಅಲ್ಲಿಂದ ಮುಂದೆ ಕಾರು ತನ್ನ ಹೊಗೆಯನ್ನು ತಾನೇ ಪರೀಕ್ಷೆ ಮಾಡಿಕೊಂಡು, ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಸರಿಪಡಿಸಿಕೊಳ್ಳತೊಡಗಿತು. ಚೋಕ್ ಕೆಲಸ ನಮ್ಮ ಕೈ ತಪ್ಪಿತು.

ಹಾಗಾಗಿ ಈಗ ಹೀಗೆ ಮಾಡಿ. ಕೀ ಆನ್ ಮಾಡಿ ಎರಡು ಸೆಕೆಂಡ್ ಕಾಯಿರಿ. ಕೀ ಬದಲು ಸ್ಟಾರ್ಟ್ ಗುಂಡಿ ಇರುವ ಕಾರಾದರೆ ಬ್ರೇಕನ್ನಾಗಲಿ ಕ್ಲಚ್ಚನ್ನಾಗಲಿ ತುಳಿಯದೆ ಒಂದೋ ಎರಡೋ ಸಲ ಗುಂಡಿ ಒತ್ತಿ ಕಾಯಿರಿ. ಪೆಟ್ರೋಲ್ ಪಂಪ್ ಒತ್ತಡ ತುಂಬಿಕೊಳ್ಳುತ್ತದೆ, ಎಚ್ಚರಿಕೆ ದೀಪಗಳು ಹೊತ್ತಿಕೊಳ್ಳುತ್ತವೆ. ಆಮೇಲೆ ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಮುಟ್ಟಲೇಬೇಡಿ. ತುಂಬ ಕಾರುಗಳಲ್ಲಿ ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಪೂರ್ತಿ ತುಳಿದರೆ, ಎಂಜಿನ್ ಒಳಗೆ ಪೆಟ್ರೋಲ್ ಜಾಸ್ತಿಯಾಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ. ಅಪ್ಪನ ಕಾರಿಗೆ ಔಷಧವಾಗಿದ್ದದ್ದು ಇಲ್ಲಿ ಅಡ್ಡಿ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗಲೂ ಆ ಎರಡು ಸೆಕೆಂಡ್ ಬಿಡಬೇಡಿ. ಎಂಜಿನ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್ ದೀಪಗಳು ಹೊತ್ತಿ ಆಮೇಲೆ ಆರಬೇಕು. ಒಂದು ದೀಪ ಹೊತ್ತಿಕೊಳ್ಳಲೇ ಇಲ್ಲ ಅಂದರೆ ಅದೂ ತೊಂದರೆಯ ಗುರುತು. ದೀಪ ಕೆಟ್ಟಿರಬಹುದು, ಇಲ್ಲವೇ ದೋಷ ಕಾಣದಿರಲಿ ಎಂದು ಯಾರಾದರೂ ಕಿತ್ತಿರಬಹುದು.

ಎಂಜಿನ್ ಬಿಸಿಯಾಗಲಿ ಎಂದು ಐದು ಹತ್ತು ನಿಮಿಷ ನಿಲ್ಲಿಸಿಕೊಳ್ಳುವುದೂ ಈಗ ಬೇಕಿಲ್ಲ. ಅರ್ಧ ನಿಮಿಷ ಸಾಕು. ಆದರೆ ಮೊದಲ ಕೆಲವು ಕಿಲೋಮೀಟರ್ ಮೆತ್ತಗೆ ಓಡಿಸಿ. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಬಿಸಿಯಾದಷ್ಟು ಬೇಗ ಆಯಿಲ್ ಬಿಸಿಯಾಗುವುದಿಲ್ಲ.

ಹೆಜ್ಜೆ 2: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ

ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವುದು ಹಳಬರ ರೂಢಿ. ಕಾರ್ಬೊರೇಟರ್ ಕಾಲದಲ್ಲಿ ಅದರಿಂದ ಸ್ವಲ್ಪ ಉಳಿಯುತ್ತಿತ್ತು ಎನ್ನೋಣ, ಏಕೆಂದರೆ ಗೇರಿನಲ್ಲಿದ್ದಾಗಲೂ ತಿರುಗುವ ಎಂಜಿನ್ ಪೆಟ್ರೋಲ್ ಎಳೆದುಕೊಳ್ಳುತ್ತಲೇ ಇರುತ್ತಿತ್ತು. ಇಂಜೆಕ್ಷನ್ ಕಾರಿನಲ್ಲಿ ಲೆಕ್ಕ ಉಲ್ಟಾ. ಗೇರಿನಲ್ಲಿಟ್ಟು ಆಕ್ಸಿಲರೇಟರಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ಅದನ್ನು ಕಂಡ ಕಂಪ್ಯೂಟರ್ ಪೆಟ್ರೋಲ್ ಪೂರ್ತಿ ಬಂದ್ ಮಾಡುತ್ತದೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಆರದಂತೆ ನೋಡಿಕೊಳ್ಳಲು ಮತ್ತೆ ಪೆಟ್ರೋಲ್ ಬಿಡಲೇಬೇಕು. ಖರ್ಚೂ ಜಾಸ್ತಿ, ಎಂಜಿನ್ ಗಾಡಿಯ ವೇಗ ತಡೆಯುವ ಎಂಜಿನ್ ಬ್ರೇಕೂ ಇಲ್ಲ. ಉದ್ದದ ಇಳಿಜಾರಿನಲ್ಲಿ ಬರೀ ಬ್ರೇಕ್ ಮೇಲೇ ಭಾರ ಬಿದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಈ ರೂಢಿಯನ್ನು ಇವತ್ತೇ ಬಿಡಿ.

ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸುವುದನ್ನೂ ಅದರ ಜೊತೆಗೇ ಬಿಡಿ. ಹಳೇ ಕಾರುಗಳಲ್ಲಿ ಪೆಟ್ರೋಲ್ ಪಂಪ್ ಹೆಚ್ಚಾಗಿ ಎಂಜಿನ್ ಪಕ್ಕದಲ್ಲೇ ಇರುತ್ತಿತ್ತು. ಈಗಿನ ಎಲೆಕ್ಟ್ರಿಕ್ ಪಂಪ್ ಟ್ಯಾಂಕ್ ಒಳಗೇ ಕೂತಿದೆ. ಅದನ್ನು ತಣ್ಣಗಿಡುವುದು ಪೆಟ್ರೋಲೇ. ಕಾಲು ಭಾಗ ಇರುವಾಗಲೇ ತುಂಬಿಸಿಕೊಂಡರೆ ಪಂಪ್ ಜಾಸ್ತಿ ದಿನ ಬಾಳುತ್ತದೆ.

ಹೆಜ್ಜೆ 3: ಬ್ರೇಕ್ ತುಳಿದು ಹಿಡಿಯುವುದನ್ನು ಅಭ್ಯಾಸ ಮಾಡಿ

ಚಕ್ರ ಲಾಕ್ ಆಗದಂತೆ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಕೆಂದು ನಮಗೆ ಕಲಿಸಿದ್ದರು. ಎಬಿಎಸ್ ಆ ಕೆಲಸವನ್ನು ಒಂದು ಸೆಕೆಂಡಿನಲ್ಲಿ ಹಲವು ಸಲ ಮಾಡುತ್ತದೆ. 1978ರಲ್ಲಿ ಮರ್ಸಿಡಿಸ್‌ನ ಎಸ್-ಕ್ಲಾಸ್ ಕಾರಿಗೆ ಬಾಷ್ ಮಾಡಿದ ಎಬಿಎಸ್ ಬಂದ ಮೇಲೆ ಇದು ನಿಧಾನವಾಗಿ ಎಲ್ಲ ಕಡೆ ಹರಡಿತು.

ಆಪತ್ತಿನಲ್ಲಿ ಈಗ ಮಾಡಬೇಕಾದ್ದು ಇಷ್ಟೇ: ಪೂರ್ತಿ ಬಲ ಹಾಕಿ ತುಳಿಯಿರಿ, ಹಿಡಿದುಕೊಳ್ಳಿ, ಸ್ಟೇರಿಂಗ್ ತಿರುಗಿಸಿ ತಪ್ಪಿಸಿಕೊಳ್ಳಿ. ಎಬಿಎಸ್ ಇರುವುದೇ ಬ್ರೇಕ್ ಹಾಕಿರುವಾಗಲೂ ಗಾಡಿ ಸ್ಟೇರಿಂಗ್ ಮಾತು ಕೇಳಲಿ ಎಂದು. ಕೆಲಸ ಮಾಡುವಾಗ ಪೆಡಲ್ ಕಾಲಿನ ಕೆಳಗೆ ದಡದಡ ನಡುಗುತ್ತದೆ, ಗರಗರ ಸದ್ದು ಬರುತ್ತದೆ. ಎಷ್ಟೋ ಜನ ಇದಕ್ಕೆ ಹೆದರಿ ಕಾಲು ತೆಗೆಯುತ್ತಾರೆ. ಆ ಕ್ಷಣದಲ್ಲಿ ಕಾಲು ತೆಗೆದರೆ ಜೀವಕ್ಕೇ ಅಪಾಯ. ದಯವಿಟ್ಟು ಒಂದು ದಿನ ಖಾಲಿ ಮೈದಾನಕ್ಕೆ ಹೋಗಿ, ಹಿಂದೆ ಮುಂದೆ ಯಾರೂ ಇಲ್ಲ ಎಂದು ನೋಡಿಕೊಂಡು, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಜೋರಾಗಿ ಬ್ರೇಕ್ ಹಾಕಿ ನೋಡಿ. ಆ ನಡುಕ ಕಾಲಿಗೆ ಪರಿಚಯ ಆಗಿರಬೇಕು. ಇನ್ನೊಂದು ಮಾತು: ಸಡಿಲ ಜಲ್ಲಿಯ ಮೇಲೆ ಎಬಿಎಸ್ ಕಾರು ನಿಲ್ಲಲು ಜಾಸ್ತಿ ದೂರ ಬೇಕಾಗಬಹುದು. ಅಲ್ಲಿ ಮೊದಲೇ ವೇಗ ಇಳಿಸಿ.

ಹೆಜ್ಜೆ 4: ಬ್ಯಾಟರಿಗೆ ಮರ್ಯಾದೆ ಕೊಡಿ

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸರಿಯಿದೆಯೋ ಇಲ್ಲವೋ ಎಂದು ನೋಡಲು ಓಡುತ್ತಿರುವ ಎಂಜಿನ್‌ನಲ್ಲಿ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ ಹಳೇ ಉಪಾಯ ಒಂದಿದೆ. ಹೊಸ ಕಾರಿನಲ್ಲಿ ಇದನ್ನು ಖಂಡಿತ ಮಾಡಬೇಡಿ, ಯಾರಿಗೂ ಮಾಡಲು ಬಿಡಬೇಡಿ. ಬ್ಯಾಟರಿ ತೆಗೆದ ಕೂಡಲೇ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ. ಆ ಹೊಡೆತಕ್ಕೆ ಕಂಪ್ಯೂಟರೇ ಸುಟ್ಟುಹೋಗಬಹುದು.

ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಇದ್ದರೆ ಸಾಕು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಚಾರ್ಜ್ ಪೂರ್ತಿ ಇದೆ. 12.2 ಅಂದರೆ ಅರ್ಧಕ್ಕೆ ಬಂದಿದೆ. ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋಲುತ್ತಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ಇರಬೇಕು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರ್ ಬೇಕೆಂದೇ ಇದನ್ನು ಏರಿಸಿ ಇಳಿಸಿ ಮಾಡುತ್ತದೆ, ಅದಕ್ಕೆ ಗಾಬರಿ ಬೇಡ.

ಬ್ಯಾಟರಿ ಸೋತರೆ ಹೊಸ ಕಾರಿನಲ್ಲಿ ಎಬಿಎಸ್, ಸ್ಟೇರಿಂಗ್ ಎಂದು ಸಂಬಂಧವಿಲ್ಲದ ದೀಪಗಳೆಲ್ಲ ಒಟ್ಟಿಗೇ ಹೊತ್ತಿಕೊಳ್ಳಬಹುದು. ಹಾಗಾದರೆ ಮೊದಲು ಬ್ಯಾಟರಿ ನೋಡಿ. ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗಿ ಸ್ಟಾರ್ಟ್ ಆಗುವ ಕಾರಿಗೆ ಅದಕ್ಕೆಂದೇ ಮಾಡಿದ ಬ್ಯಾಟರಿಯನ್ನೇ ಹಾಕಿಸಿ.

ತಳ್ಳಿ ಸ್ಟಾರ್ಟ್ ಮಾಡುವ ಆಸೆ ಕಡಿಮೆ ಮಾಡಿ. ಪಂಪ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಕಂಪ್ಯೂಟರ್ ಎಲ್ಲಕ್ಕೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಪ್ರಯೋಜನ ಇಲ್ಲ. ಆಟೊಮ್ಯಾಟಿಕ್ ಗೇರಿನ ಕಾರಂತೂ ತಳ್ಳಿದರೆ ಸ್ಟಾರ್ಟ್ ಆಗುವುದೇ ಇಲ್ಲ. ಬೇರೆ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡುವುದಾದರೆ ಕ್ರಮ ತಪ್ಪಬೇಡಿ. ಕೆಂಪು ವೈರ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವೈರ್ ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಅದರ ಕೊನೆ ತುದಿ ಸತ್ತ ಕಾರಿನ ಎಂಜಿನ್‌ನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರ. ತೆಗೆಯುವಾಗ ಇದೇ ಕ್ರಮವನ್ನು ಹಿಂದಿನಿಂದ ಮಾಡಿ.

ಹೆಜ್ಜೆ 5: ಎಂಜಿನ್ ದೀಪ ಹೊತ್ತಿದರೆ ಕೋಡ್ ಓದಿ, ಆಮೇಲೆ ಕಿವಿ ಕೊಡಿ

ಮೊದಲು ಬಣ್ಣ ನೋಡಿ. ಕೆಂಪು ಅಂದರೆ ಸುರಕ್ಷಿತ ಜಾಗದಲ್ಲಿ ಕೂಡಲೇ ನಿಲ್ಲಿಸಿ. ಹಳದಿ ಅಂದರೆ ಬೇಗ ತೋರಿಸಿ. ಹಳದಿ ಎಂಜಿನ್ ದೀಪ ಮಿಣುಕುತ್ತಿದ್ದರೆ ಒಂದಾದರೂ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಸುಡುತ್ತದೆ. ಎಳೆದುಕೊಂಡು ಹೋಗಬೇಡಿ.

ದೀಪ ಮಿಣುಕದೆ ಸುಮ್ಮನೆ ಹೊತ್ತಿದ್ದರೆ ನೀವೇ ಓದಬಹುದು. ಸ್ಟೇರಿಂಗ್ ಕೆಳಗೆ ಎಲ್ಲಾದರೂ 16 ಪಿನ್‌ನ ಒಂದು ಸಾಕೆಟ್ ಇರುತ್ತದೆ. ಕಂಪ್ಯೂಟರ್ ಕಂಡ ದೋಷಗಳನ್ನು ಕೋಡ್ ರೂಪದಲ್ಲಿ ಹೊರಗೆ ಕೊಡುವ ಇದೇ ಒಬಿಡಿ-2. ಅಮೆರಿಕದಲ್ಲಿ 1996ರ ಮಾದರಿಗಳಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಈ ವ್ಯವಸ್ಥೆ ಕಡ್ಡಾಯವಾಯಿತು. ಒಂದು ಚಿಕ್ಕ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಮೊಬೈಲ್ ಆ್ಯಪ್ ತೆರೆದರೆ ಕೋಡ್ ಕಾಣುತ್ತದೆ. ಪಿ ಅಕ್ಷರದಿಂದ ಶುರುವಾದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಸಿ ಅಂದರೆ ಬ್ರೇಕ್ ಮುಂತಾದ ಚಾಸಿಸ್ ಭಾಗ, ಬಿ ಅಂದರೆ ಬಾಡಿ. ಯು ಅಂದರೆ ಕಾರಿನ ಒಳಗಿನ ಕಂಪ್ಯೂಟರುಗಳ ನಡುವೆ ಮಾತುಕತೆ ತಪ್ಪಿದೆ. ಕೋಡ್ ಅಳಿಸುವ ಮೊದಲು ಅದನ್ನೂ, ಅದರ ಜೊತೆ ಉಳಿದಿರುವ ವೇಗ, ತಾಪಮಾನದ ಅಂಕಿಗಳನ್ನೂ ಬರೆದುಕೊಳ್ಳಿ. ಅಳಿಸಿದರೆ ಅವೆಲ್ಲ ಹೋಗುತ್ತವೆ.

ಇಲ್ಲಿ ನನ್ನ ಅನುಭವ ಹೇಳಲೇಬೇಕು. ನನ್ನ ಕಾರಿನಲ್ಲಿ ಪಿ0171 ಕೋಡ್ ಬಂತು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು ಇದರ ಅರ್ಥ. ಒಂದು ಗ್ಯಾರೇಜಿನಲ್ಲಿ ಕೋಡ್ ನೋಡಿದವರೇ ಆಕ್ಸಿಜನ್ ಸೆನ್ಸರ್ ಬದಲಾಯಿಸಿದರು. ಮೂರೇ ದಿನಕ್ಕೆ ದೀಪ ಮತ್ತೆ ಬಂತು. ಪಾಪ, ಆ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಸುದ್ದಿ ತಂದವನನ್ನೇ ಹೊಡೆದ ಹಾಗಾಯಿತು, ಅಲ್ವಾ?

ಆಮೇಲೆ ನಾನೇ ಅಡಾಪ್ಟರ್ ಕೊಂಡು ಫ್ಯೂಯೆಲ್ ಟ್ರಿಮ್ ಎಂಬ ಅಂಕಿ ನೋಡಿದೆ. ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲನ್ನು ಕಂಪ್ಯೂಟರ್ ಹೆಚ್ಚು ಕಡಿಮೆ ಮಾಡುತ್ತಿದೆ ಎಂದು ಅದು ಹೇಳುತ್ತದೆ. ಸೊನ್ನೆಯ ಹತ್ತಿರ ಇದ್ದರೆ ಒಳ್ಳೆಯದು. ನನ್ನದು, ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ಸುಮ್ಮನೆ ಓಡುವ ಐಡ್ಲಿಂಗ್‌ನಲ್ಲಿ ಪ್ಲಸ್ 19 ಇತ್ತು. ಆಕ್ಸಿಲರೇಟರ್ ಕೊಟ್ಟು ಎಂಜಿನ್ ತಿರುಗುವ ವೇಗವನ್ನು 2500 ಆರ್‌ಪಿಎಂಗೆ ಏರಿಸಿದರೆ 5ಕ್ಕೆ ಇಳಿಯುತ್ತಿತ್ತು. ಎಲ್ಲೋ ಕಳ್ಳ ಗಾಳಿ ಒಳಗೆ ನುಗ್ಗುತ್ತಿದೆ ಎಂಬುದಕ್ಕೆ ಇದೇ ಸುಳಿವು. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಸೋರಿಕೆಯ ಪಾಲು ದೊಡ್ಡದಾಗಿ ಕಾಣುತ್ತದೆ. ಎಂಜಿನ್ ಜೋರಾದಾಗ ಅದೇ ಸೋರಿಕೆ ಚಿಕ್ಕದಾಗುತ್ತದೆ.

ಅಲ್ಲಿಗೆ ಕಂಪ್ಯೂಟರ್ ಕೆಲಸ ಮುಗಿಯಿತು. ಯಾವ ಪೈಪು ಎಂದು ಅದಕ್ಕೆ ಗೊತ್ತಿಲ್ಲ. ಬಾನೆಟ್ ಎತ್ತಿ, ಅಪ್ಪ ಮಾಡುತ್ತಿದ್ದ ಹಾಗೆ, ತಿರುಗುವ ಬೆಲ್ಟಿನಿಂದ ದೂರ ನಿಂತು ಕಿವಿ ಕೊಟ್ಟೆ. ಸಣ್ಣಗೆ ಸುಸ್ ಎನ್ನುವ ಸದ್ದು. ಬೆರಳುದ್ದದ ಒಂದು ರಬ್ಬರ್ ಪೈಪ್ ಬಿರುಕು ಬಿಟ್ಟಿತ್ತು. ಅದನ್ನು ಬದಲಾಯಿಸಿದ ಮೇಲೆ ದೀಪ ಬರಲಿಲ್ಲ. ಅಂಕಿಯಿಲ್ಲದಿದ್ದರೆ ನಾನು ಕಿವಿ ಕೊಡುತ್ತಿರಲಿಲ್ಲ, ಕಿವಿಯಿಲ್ಲದಿದ್ದರೆ ಅಂಕಿಯಿಂದ ಉಪಯೋಗ ಇರುತ್ತಿರಲಿಲ್ಲ.

ಹೆಜ್ಜೆ 6: ಪರದೆ, ಕ್ಯಾಮೆರಾ

ಎಸಿ, ಕನ್ನಡಿ, ದಾರಿಯ ಮ್ಯಾಪ್ ಎಲ್ಲವನ್ನೂ ಹೊರಡುವ ಮೊದಲೇ ಹೊಂದಿಸಿಕೊಳ್ಳಿ. ಹಳೇ ಗುಂಡಿಗಳನ್ನು ಬೆರಳು ನೋಡದೆಯೇ ಹುಡುಕುತ್ತಿತ್ತು. ಪರದೆಗೆ ಕಣ್ಣು ಬೇಕೇ ಬೇಕು. ಇದರಲ್ಲಿ ಹಳೇದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ನಂಥವಕ್ಕೆ ನಿಜವಾದ ಗುಂಡಿ ಇರುವುದನ್ನು ಅಂಕ ಕೊಡುವಾಗ ಗಮನಕ್ಕೆ ತೆಗೆದುಕೊಳ್ಳುತ್ತಿದೆ.

ತಾನಾಗಿ ಬ್ರೇಕ್ ಹಾಕುವ, ಲೇನ್ ಕಾಯುವ ಕಾರಾದರೆ ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇರಬಹುದು. ಅದರ ಮುಂದೆ ಸ್ಟಿಕ್ಕರ್ ಬೇಡ. ಗಾಜು ಬದಲಾಯಿಸಿದರೆ ಕ್ಯಾಮೆರಾ ಕ್ಯಾಲಿಬ್ರೇಷನ್ (ಮತ್ತೆ ಸರಿಯಾಗಿ ಹೊಂದಿಸುವುದು) ಆಗಿದೆಯೇ ಎಂದು ಕೇಳಿಯೇ ಕೇಳಿ.

ಹೆಜ್ಜೆ 7: ಸೆನ್ಸರ್ ಇಲ್ಲದ ಕಡೆ ನೀವೇ ಸೆನ್ಸರ್

ಎಂಜಿನ್ ಒಳಗಿನ ಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಟೈಮಿಂಗ್ ಬೆಲ್ಟ್ ಸವೆದರೆ ಸಾಮಾನ್ಯವಾಗಿ ಯಾವ ದೀಪವೂ ಹೊತ್ತುವುದಿಲ್ಲ. ಕಿಲೋಮೀಟರ್ ಮತ್ತು ವರ್ಷದ ಲೆಕ್ಕದಲ್ಲೇ ಬದಲಾಯಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಅದಕ್ಕೂ ದೀಪ ಇಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಸಿಹಿ ವಾಸನೆ ಬಂದರೆ ಕೂಲೆಂಟ್ ಸೋರುತ್ತಿರಬಹುದು. ಹೂಂ ಎನ್ನುವ ಸದ್ದು ತಿರುವಿನಲ್ಲಿ ಜಾಸ್ತಿ ಕಡಿಮೆ ಆದರೆ ವೀಲ್ ಬೇರಿಂಗ್ ಮೇಲೆ ಅನುಮಾನ ಪಡಿ.

ಟೈರಿನ ಗಾಳಿಗೆ ದೀಪ ಇದೆಯಲ್ಲ ಎನ್ನಬಹುದು. ಕೆಲವು ಕಾರುಗಳು ಗಾಳಿಯನ್ನು ನೇರವಾಗಿ ಅಳೆಯುವುದೇ ಇಲ್ಲ. ಗಾಳಿ ಇಳಿದ ಚಕ್ರ ಸ್ವಲ್ಪ ಜೋರಾಗಿ ತಿರುಗುತ್ತದೆ, ಎಬಿಎಸ್ ಸೆನ್ಸರಿನಿಂದ ಅದನ್ನು ಕಂಡುಹಿಡಿಯುತ್ತವೆ. ನಾಲ್ಕೂ ಟೈರುಗಳು ಸಮನಾಗಿ ಇಳಿದರೆ ಹೋಲಿಸಲು ಏನೂ ಉಳಿಯುವುದಿಲ್ಲ, ಹಾಗಾಗಿ ಸುಮ್ಮನಿದ್ದುಬಿಡಬಹುದು. ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ, ಗೇಜ್ ಹಿಡಿದು ನೋಡಿ. ಹಾಗೆಯೇ ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ನಿಧಾನಕ್ಕೆ ಎಳೆಯಿರಿ. ಒಂದು ಕಡೆಗೆ ನುಣುಪಾಗಿದ್ದು ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಾಗಿದರೆ ಚಕ್ರಗಳ ಅಲೈನ್‌ಮೆಂಟ್ ತಪ್ಪಿರುವ ಸಾಧ್ಯತೆ ಇದೆ. ಅದನ್ನು ಮಾಡಿಸಿ, ಮಾಡಿಸಿದ ದಿನದ ಕಿಲೋಮೀಟರನ್ನು ಡೈರಿಯಲ್ಲಿ ಬರೆದಿಡಿ.