ಸ್ಪೋರ್ಟ್ಸ್ ಕಾರಿನ ಟೆಸ್ಟ್ ಡ್ರೈವ್: ಮೊದಲು ಕೆಟ್ಟ ರಸ್ತೆ, ಆಮೇಲೆ ವೇಗ

ಸ್ಪೋರ್ಟ್ಸ್ ಕಾರು ನೋಡಲು ಹೋದವರೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಮಾಡುತ್ತಾರೆ. ಸ್ಟಾರ್ಟ್ ಬಟನ್ ಒತ್ತಿ ಎಕ್ಸಾಸ್ಟ್ ಸದ್ದಿಗೆ ಹಿಗ್ಗುತ್ತಾರೆ. ಖಾಲಿ ರಸ್ತೆ ಸಿಕ್ಕ ಕೂಡಲೇ ಆಕ್ಸಿಲರೇಟರ್ ಪೂರ್ತಿ ತುಳಿಯುತ್ತಾರೆ. ಬೆನ್ನು ಸೀಟಿಗೆ ಒತ್ತಿದ್ದೇ ತಡ, ಮನಸ್ಸಿನಲ್ಲಿ ಬುಕಿಂಗ್ ಮುಗಿದಿರುತ್ತದೆ. ಕಾಲು ಗಂಟೆಯಲ್ಲಿ ವಾಪಸು ಬಂದು ಸಹಿ ಹಾಕುತ್ತಾರೆ. ಹೀಗೆ ಕೊಂಡ ಕಾರನ್ನು ವರ್ಷ ತುಂಬುವ ಮೊದಲೇ ‘ಸೊಂಟ ಹಿಡ್ಕೊಳ್ಳುತ್ತೆ, ಈ ಸದ್ದು ತಡೆಯೋಕಾಗಲ್ಲ’ ಎಂದು ಮಾರಲು ಹೊರಟವರನ್ನು ಬಹಳ ಕಂಡಿದ್ದೇನೆ. ಇನ್ನೊಂದು ಬಗೆಯವರೂ ಇದ್ದಾರೆ. ಹೆದರಿ ಹೆದರಿ ಮೆತ್ತನೆಯ ಕಾರನ್ನೇ ಆರಿಸಿ, ಓಡಿಸುವ ಖುಷಿಯೇ ಸಿಗದೆ ಶೆಡ್ಡಿನಲ್ಲಿ ನಿಲ್ಲಿಸಿಟ್ಟವರು.

ಎರಡೂ ತಪ್ಪಿನ ಬೇರು ಒಂದೇ. ಆರಾಮ ಮತ್ತು ಸಾಮರ್ಥ್ಯ ತಕ್ಕಡಿಯ ಎರಡು ತಟ್ಟೆಗಳು, ಒಂದು ಏರಬೇಕಾದರೆ ಇನ್ನೊಂದು ಇಳಿಯಲೇಬೇಕು ಎಂಬ ನಂಬಿಕೆ ಅದು. ಅದು ಸರಿಯಲ್ಲ ಎನ್ನಲು ಒಂದು ಉದಾಹರಣೆ ಸಾಕು. 1996ರಲ್ಲಿ ಬಂದ ಲೋಟಸ್ ಎಲೀಸ್ ಸುಮಾರು 725 ಕಿಲೋ ತೂಗುತ್ತಿತ್ತು. ಹಗುರವಾದ ಕಾರಿಗೆ ವಿಪರೀತ ಬಿಗಿಯಾದ ಸ್ಪ್ರಿಂಗ್ ಬೇಕಾಗಲಿಲ್ಲ. ಹಾಗಾಗಿ ತಿರುವಿನಲ್ಲಿ ಚುರುಕಾಗಿದ್ದೂ ಹಾಳು ರಸ್ತೆಯಲ್ಲಿ ಮೈ ನೋಯಿಸುತ್ತಿರಲಿಲ್ಲ. ಆದರೆ ಬಾಗಿಲ ಬುಡದ ಅಗಲವಾದ ಪಟ್ಟಿ ದಾಟಿ ಒಳಗೆ ಕೂರುವುದೇ ಒಂದು ಸಾಹಸವಾಗಿತ್ತು. ಅಂದರೆ ಆರಾಮ ಎನ್ನುವುದು ಒಂದೇ ವಸ್ತುವಲ್ಲ. ಸೀಟು, ಸಸ್ಪೆನ್ಶನ್, ಸದ್ದು, ಹತ್ತಿ ಇಳಿಯುವುದು ಎಲ್ಲವನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಹೊರಡುವ ಮೊದಲು

ನೀವು ಕೊಳ್ಳಲಿರುವ ಕಾರಿನಲ್ಲಿ ಇರುವ ಅಳತೆಯ ಚಕ್ರ, ಅದೇ ಬಗೆಯ ಡ್ಯಾಂಪರ್ (ಸ್ಪ್ರಿಂಗಿನ ತೂಗಾಟ ತಡೆಯುವ ಶಾಕ್ ಅಬ್ಸಾರ್ಬರ್), ಅದೇ ಸೀಟು ಇರುವ ಕಾರನ್ನೇ ಓಡಿಸಲು ಕೇಳಿ. ‘ಎಲ್ಲಾ ಒಂದೇ ಸಾರ್, ಚಕ್ರ ಮಾತ್ರ ದೊಡ್ಡದು’ ಎಂದರೆ ಒಪ್ಪಬೇಡಿ. ಟಯರಿನ ಮೇಲಿನ ಅಂಕಿಯನ್ನೇ ಲೆಕ್ಕ ಹಾಕಿ ನೋಡಿ. 225/45 ಆರ್17 ಎಂದಿದ್ದರೆ ಟಯರಿನ ಅಗಲವಾದ 225 ಮಿ.ಮೀ.ನ ಶೇ 45, ಅಂದರೆ ರಿಮ್ ಮತ್ತು ರಸ್ತೆಯ ನಡುವೆ ಸುಮಾರು 101 ಮಿ.ಮೀ. ರಬ್ಬರ್. 245/35 ಆರ್19 ಆದರೆ ಅದು 86 ಮಿ.ಮೀ.ಗೆ ಇಳಿಯುತ್ತದೆ, 255/30 ಆರ್20 ಆದರೆ ಬರೀ 76. ರಸ್ತೆಯ ಏಟನ್ನು ಮೊದಲು ತಿನ್ನುವುದು ಈ ರಬ್ಬರ್, ಸ್ಪ್ರಿಂಗಿನ ಸರದಿ ಆಮೇಲೆ. ಆದ್ದರಿಂದ ಕಂಪನಿ ಕೊಡುವ ಚಕ್ರಗಳಲ್ಲಿ ಅತಿ ಚಿಕ್ಕದನ್ನೇ ಆರಿಸಿ ಎಂಬುದು ನನ್ನ ಖಡಾಖಂಡಿತ ಸಲಹೆ. ದೊಡ್ಡ ಚಕ್ರ ಫೋಟೊದಲ್ಲಿ ಚೆಂದ ಕಾಣುತ್ತದೆ, ಗುಂಡಿಯಲ್ಲಿ ರಿಮ್ ಬಾಗುತ್ತದೆ. ಗಾಳಿ ಹೋದರೂ ಓಡುವ ರನ್‌ಫ್ಲಾಟ್ ಟಯರ್ ಇದ್ದರೆ ಇನ್ನೂ ಎಚ್ಚರ ಬೇಕು. ಕಾರಿನ ಭಾರ ಹೊರಬೇಕೆಂದೇ ಅದರ ಪಕ್ಕದ ಗೋಡೆಯನ್ನು ಗಟ್ಟಿ ಮಾಡಿರುತ್ತಾರೆ. ಆ ಗಟ್ಟಿತನ ದಿನವೂ ನಿಮ್ಮ ಬೆನ್ನಿಗೆ ತಿಳಿಯುತ್ತದೆ.

ಟಯರಿನ ಗಾಳಿ ನೋಡದೆ ಹೊರಡಲೇಬೇಡಿ. ಸಾಗಣೆಯ ಹೊತ್ತಿನಲ್ಲಿ ಟಯರ್ ಚಪ್ಪಟೆಯಾಗದಿರಲಿ ಎಂದು ಹೆಚ್ಚು ಗಾಳಿ ತುಂಬಿ ಕಳಿಸುವುದುಂಟು. ಶೋರೂಮಿನಲ್ಲಿ ಅದನ್ನು ಇಳಿಸಲು ಮರೆತರೆ ಒಳ್ಳೆಯ ಕಾರೂ ಕಲ್ಲಿನಂತಿರುತ್ತದೆ. ಇರಬೇಕಾದ ಅಳತೆ ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬದ ಸ್ಟಿಕರಿನಲ್ಲಿರುತ್ತದೆ. ಟಯರ್ ತಣ್ಣಗಿರುವಾಗಲೇ ನೋಡಿ. ಪೆನ್ನಿನ ಆಕಾರದ ಅಗ್ಗದ ಗೇಜುಗಳು ಒಂದೊಂದು ಸಲ ಒಂದೊಂದು ಲೆಕ್ಕ ತೋರಿಸುತ್ತವೆ. ಒಳ್ಳೆಯ ಡಿಜಿಟಲ್ ಗೇಜು ಜೇಬಿನಲ್ಲಿರಲಿ.

ಎಂಜಿನ್ ಆಫ್, ಸೀಟಿನಲ್ಲಿ ಇಪ್ಪತ್ತು ನಿಮಿಷ

ಹಿಂದಿನ ಜೇಬಿನ ಪರ್ಸ್ ತೆಗೆದು ಕೂರಿ. ಕ್ಲಚ್ಚನ್ನು, ಅದಿಲ್ಲದಿದ್ದರೆ ಬ್ರೇಕನ್ನು, ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಬಾಗಿರಬೇಕು. ಭುಜ ಸೀಟಿನಿಂದ ಏಳದಂತೆ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ತುದಿಯ ಮೇಲೆ ಕೂರಬೇಕು. ಈಗ ಕೆಳಗೆ ನೋಡಿ: ಪೆಡಲುಗಳು ನಿಮ್ಮ ನೇರಕ್ಕಿವೆಯೇ, ಒಂದು ಪಕ್ಕಕ್ಕೆ ಸರಿದಿವೆಯೇ? ಮುಂದಿನ ಚಕ್ರದ ಗೂಡು ಒಳಕ್ಕೆ ಚಾಚಿರುವ ಕಾರುಗಳಲ್ಲಿ ಪೆಡಲುಗಳು ಪಕ್ಕಕ್ಕೆ ಸರಿದಿರುತ್ತವೆ. ಆಗ ಸೊಂಟ ತಿರುಚಿಕೊಂಡೇ ಓಡಿಸಬೇಕು. ಮೊದಲ ಹತ್ತು ನಿಮಿಷ ಅದು ಗೊತ್ತೇ ಆಗುವುದಿಲ್ಲ, ಗಂಟೆ ಕಳೆದ ಮೇಲೆ ಬೇರೇನೂ ಗೊತ್ತಾಗುವುದಿಲ್ಲ.

ಸೀಟಿನ ಪಕ್ಕದ ದಿಂಬುಗಳು ತಿರುವಿನಲ್ಲಿ ನಿಮ್ಮನ್ನು ಹಿಡಿಯಲೆಂದೇ ಇರುವವು. ಹಿಡಿತ ಪಕ್ಕೆಲುಬಿನ ಮೇಲೆ ಹರಡಿದ್ದರೆ ಸರಿ, ಭುಜವನ್ನು ಮುಂದಕ್ಕೆ ತಳ್ಳುತ್ತಿದ್ದರೆ ಆ ಸೀಟು ನಿಮ್ಮ ಅಳತೆಯದಲ್ಲ. ಬೆನ್ನು ಬಾಗಿಸಲು ಬರದ ಒಂದೇ ಅಚ್ಚಿನ ಬಕೆಟ್ ಸೀಟನ್ನು ಅದರಲ್ಲಿ ಅರ್ಧ ಗಂಟೆ ಕೂತು ನೋಡದೆ ಆರ್ಡರ್ ಮಾಡಬೇಡಿ. ‘ಆಮೇಲೆ ಒಂದು ಕುಶನ್ ಹಾಕ್ಕೊಂಡ್ರಾಯ್ತು’ ಎಂಬ ಯೋಚನೆಯೂ ಬೇಡ. ಕುಶನ್ ನಿಮ್ಮನ್ನು ಮೇಲೆತ್ತುತ್ತದೆ, ಪಕ್ಕದ ಹಿಡಿತ ತಪ್ಪುತ್ತದೆ, ಸೀಟ್‌ಬೆಲ್ಟ್ ಕೂರಬೇಕಾದ ಜಾಗದಲ್ಲಿ ಕೂರುವುದಿಲ್ಲ.

ಡಿಕ್ಕಿ, ಎ.ಸಿ., ರಿವರ್ಸ್ ಕ್ಯಾಮೆರಾ, ಹಿಂಬದಿ ನೋಟ ಇವನ್ನೆಲ್ಲ ಈಗಲೇ ನೋಡಿ ಮುಗಿಸಿ.

ಕೆಟ್ಟ ರಸ್ತೆ: ಎಲ್ಲರೂ ಎಡವುವುದು ಇಲ್ಲೇ

ದಾರಿಯನ್ನು ನೀವೇ ಆರಿಸಿ. ಮಾರುವವರು ಕರೆದೊಯ್ಯುವ ದಾರಿ ನುಣುಪಾಗಿಯೇ ಇರುತ್ತದೆ. ನಿಮ್ಮ ದಾರಿಯಲ್ಲಿ ತೇಪೆ ಹಾಕಿದ ಡಾಂಬರು, ಕಾಂಕ್ರೀಟಿನ ಸಂದು, ಒಂದು ಹಂಪ್, ಅಲೆಯಂತೆ ಏರಿಳಿಯುವ ಉದ್ದನೆಯ ರಸ್ತೆ, ಮಧ್ಯದಲ್ಲಿ ಉಬ್ಬಿರುವ ಒಂದು ತಿರುವು ಇಷ್ಟಿರಲಿ. ಮೊದಲೇ ನಿಮ್ಮ ಈಗಿನ ಕಾರಿನಲ್ಲಿ ಅದೇ ದಾರಿಯನ್ನು ಒಮ್ಮೆ ಸುತ್ತಿ ಬಂದರೆ ಹೋಲಿಸಲು ಒಂದು ಅಳತೆ ಸಿಗುತ್ತದೆ.

ಬಿಗಿಯಾದ ಕಾರೆಲ್ಲ ಒರಟಲ್ಲ. ಸಾಮಾನ್ಯ ಕಾರಿನ ಮೈ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಮೇಲೆಕೆಳಗೆ ತೂಗುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಅದು ಒಂದೂವರೆಯಿಂದ ಎರಡರ ಆಸುಪಾಸು, ಕೆಲವದರಲ್ಲಿ ಇನ್ನೂ ಹೆಚ್ಚು. ಆದರೆ ನಮ್ಮ ದೇಹಕ್ಕೆ ಅತಿ ಹೆಚ್ಚು ಹಿಂಸೆಯಾಗುವುದು ಸೆಕೆಂಡಿಗೆ ಸುಮಾರು 4ರಿಂದ 8 ಸಲದ ಕುಲುಕಾಟದಲ್ಲಿ. ಎಂದರೆ ಬಿಗಿ ಸ್ಪ್ರಿಂಗ್ ಒಂದೇ ನಿಮ್ಮನ್ನು ದಣಿಸುವುದಿಲ್ಲ. ದಣಿಸುವುದು ಟಯರ್ ದಾಟಿ, ಡ್ಯಾಂಪರ್ ತಡೆಯಲಾಗದೆ ಒಳಗೆ ಬಂದ ಚೂಪಾದ ಅದುರು. ಅದನ್ನು ಹುಡುಕಬೇಕಾದದ್ದು ಮೂವತ್ತು, ನಲವತ್ತು ಕಿ.ಮೀ. ವೇಗದಲ್ಲಿ. ಆ ವೇಗದಲ್ಲಿ ಯಾರೂ ಟೆಸ್ಟ್ ಡ್ರೈವ್ ಮಾಡುವುದಿಲ್ಲ, ಕಾರು ಕೊಂಡ ಮೇಲೆ ಬಹುಪಾಲು ಓಡಿಸುವುದು ಅದೇ ವೇಗದಲ್ಲಿ.

ಮ್ಯೂಸಿಕ್ ಆಫ್ ಮಾಡಿ. ಒಂದೇ ಚಕ್ರ ಕಾಂಕ್ರೀಟ್ ಸಂದಿನ ಅಂಚಿಗೆ ಬಡಿಯುವಂತೆ ಮೂವತ್ತರಲ್ಲಿ ಸಾಗಿ. ಒಳ್ಳೆಯ ಕಾರಿನಲ್ಲಿ ‘ದಬ್’ ಎಂದು ಒಂದೇ ಮಂದ ಸದ್ದು ಬಂದು ಅಲ್ಲಿಗೇ ಮುಗಿಯುತ್ತದೆ. ಕೆಟ್ಟದರಲ್ಲಿ ಏಟಿನ ಹಿಂದೆಯೇ ಸ್ಟಿಯರಿಂಗ್ ನಡುಗುತ್ತದೆ, ಡ್ಯಾಶ್‌ಬೋರ್ಡು ಕಟಕಟ ಎನ್ನುತ್ತದೆ, ಒಂದೇ ಗುಂಡಿ ಎರಡು ಸಲ ಬಂದಂತಾಗುತ್ತದೆ. ಮುಂದೆ ತೇಪೆಗಳ ರಸ್ತೆ. ಅದರ ಮೇಲೆ ಓಡಿಸುತ್ತಾ ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸಿ. ದನಿ ನಡುಗಿದರೆ ಎದೆಗೂಡು ಅದುರುತ್ತಿದೆ ಎಂದೇ ಅರ್ಥ. ಒಳಗಿನ ಕನ್ನಡಿಯತ್ತ ಒಮ್ಮೆ ಕಣ್ಣು ಹಾಯಿಸಿ: ಹಿಂದೆ ಬರುವ ವಾಹನದ ಅಂಚುಗಳು ಸ್ಪಷ್ಟವಾಗಿವೆಯೇ, ಕಲಸಿ ಹೋಗಿವೆಯೇ? ಇವೆರಡಕ್ಕೆ ಖರ್ಚಿಲ್ಲ, ಉಪಕರಣ ಬೇಡ, ಸುಳ್ಳು ಹೇಳುವುದೂ ಇಲ್ಲ.

ಅಲೆಯಂಥ ರಸ್ತೆಯಲ್ಲಿ ಅರವತ್ತರ ವೇಗ ಸಾಕು. ಉಬ್ಬು ದಾಟಿ ಇಳಿದ ಮೇಲೆ ಕಾರು ಒಂದೇ ಸಲಕ್ಕೆ ನೆಲೆನಿಲ್ಲಬೇಕು. ಎರಡು ಮೂರು ಸಲ ತೂಗಾಡಿದರೆ ಡ್ಯಾಂಪರ್ ಸಡಿಲ. ಮೊದಲು ಹಾಯೆನಿಸುವ ಈ ತೂಗಾಟ ದೂರ ಪ್ರಯಾಣದಲ್ಲಿ ಹೊಟ್ಟೆ ತೊಳಸುತ್ತದೆ. ಉಬ್ಬಿನ ತುದಿಯಿಂದ ಯಾರೋ ಕೆಳಕ್ಕೆ ಜಗ್ಗಿದಂತೆ ಇಳಿದರೆ ಅದು ಅತಿ ಬಿಗಿ.

ಕೊನೆಗೆ ಉಬ್ಬಿರುವ ಆ ತಿರುವು. ನನ್ನ ಮಟ್ಟಿಗೆ ಇಡೀ ಟೆಸ್ಟ್ ಡ್ರೈವ್‌ನ ನಿರ್ಣಾಯಕ ಕ್ಷಣ ಇದೇ, ಏಕೆಂದರೆ ಆರಾಮವೂ ಸಾಮರ್ಥ್ಯವೂ ಇಲ್ಲಿ ಒಂದೇ ಆಗಿಬಿಡುತ್ತವೆ. ಸ್ಟಿಯರಿಂಗ್ ತಿರುಗಿಸಿ ಹಿಡಿದಾಗ ಉಬ್ಬು ಬಂದು ಕಾರು ಪಕ್ಕಕ್ಕೆ ಜಿಗಿದರೆ, ಆ ಹೊತ್ತು ಟಯರ್ ರಸ್ತೆಯನ್ನು ಸರಿಯಾಗಿ ಒತ್ತುತ್ತಿರಲಿಲ್ಲ. ಒತ್ತದ ಟಯರಿಗೆ ಹಿಡಿತ ಎಲ್ಲಿಂದ ಬರಬೇಕು? ಬೆನ್ನಿಗೆ ಏಟು ಕೊಟ್ಟ ಕಾರು ಅಲ್ಲಿ ನಿಧಾನವೂ ಹೌದು. ಲ್ಯಾಪ್ ಟೈಮಿಗೆ, ಅಂದರೆ ಒಂದು ಸುತ್ತಿಗೆ ಹಿಡಿಯುವ ಸಮಯಕ್ಕೆ, ಹೆಸರಾದ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ 20.8 ಕಿ.ಮೀ. ಉದ್ದದ ಹಳೆಯ ಟ್ರ್ಯಾಕ್ ಕೂಡ ಉಬ್ಬುತಗ್ಗಿನದ್ದೇ. ಅಲ್ಲೂ ಅತಿ ಬಿಗಿಯಾದ ಕಾರು ಗೆಲ್ಲುವುದಿಲ್ಲ.

ಮೋಡ್‌ಗಳ ವಿಚಾರ, ಅಂದರೆ ಎಂಜಿನ್, ಸ್ಟಿಯರಿಂಗ್, ಡ್ಯಾಂಪರ್ ಎಷ್ಟು ಚುರುಕು, ಎಷ್ಟು ಬಿಗಿ ಇರಬೇಕೆಂದು ಬದಲಿಸುವ ಸೆಟ್ಟಿಂಗುಗಳದ್ದು. ಸುತ್ತನ್ನು ಕಾರು ತಾನಾಗಿ ತೆರೆದುಕೊಳ್ಳುವ ಮೋಡ್‌ನಲ್ಲೇ ಮೊದಲು ಮುಗಿಸಿ. ಎಷ್ಟೋ ಕಾರುಗಳು ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಅದಕ್ಕೇ ಮರಳುತ್ತವೆ, ನೀವು ಬದುಕಬೇಕಾದದ್ದು ಅದರ ಜೊತೆ. ಆಮೇಲೆ ಅತಿ ಬಿಗಿ ಮೋಡ್‌ನಲ್ಲಿ ಅದೇ ಹಂಪ್, ಅದೇ ತಿರುವು. ಡ್ಯಾಂಪರನ್ನು ಮೆತ್ತಗಿಟ್ಟು ಎಂಜಿನ್ ಮತ್ತು ಸ್ಟಿಯರಿಂಗ್ ಮಾತ್ರ ಚುರುಕು ಮಾಡಲು ಬರುತ್ತದೆಯೇ ಎಂದು ಕೇಳಿ ತಿಳಿಯಿರಿ. ಹಾಗೆ ಬಿಡಿಸಲು ಬರದ ಕಾರನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ರಸ್ತೆಗೆ ತಕ್ಕಂತೆ ಕ್ಷಣಕ್ಷಣಕ್ಕೂ ಬಿಗಿ ಬದಲಿಸುವ ಡ್ಯಾಂಪರ್ ಇದ್ದರೆ ಹಣ ಅಲ್ಲಿಗೆ ಹಾಕಿ. ಕಾಂತಶಕ್ತಿಗೆ ಗಟ್ಟಿಯಾಗುವ ದ್ರವ ತುಂಬಿದ ಅಂಥ ಡ್ಯಾಂಪರ್ 2002ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು, ಮರುವರ್ಷದ ಮಾದರಿಯ ಕಾರ್ವೆಟ್‌ಗೂ ಬಂತು. ಅದು ಈಗ ಪಳಗಿದ ವಿದ್ಯೆ. ಹೊರಗಿನಿಂದ ತಂದು ಹಾಕಿಸುವ ಗಿಡ್ಡ ಸ್ಪ್ರಿಂಗ್‌ಗಳ ಸಹವಾಸ ಮಾತ್ರ ಬೇಡ. ಕಾರು ತಗ್ಗುತ್ತದೆ, ಜೊತೆಗೆ ಸಸ್ಪೆನ್ಶನ್ ಮಡಚಿಕೊಳ್ಳುವ ಜಾಗವೂ ತಗ್ಗಿ ಪ್ರತಿ ಗುಂಡಿಗೂ ತಳದ ರಬ್ಬರಿಗೆ ಬಡಿಯುತ್ತದೆ.

ಈಗ ಸಾಮರ್ಥ್ಯ

ನೂರು ಕಿ.ಮೀ. ವೇಗಕ್ಕೆ ನಾಲ್ಕು ಸೆಕೆಂಡು ಎಂದರೆ ನಿಮ್ಮ ತೂಕದ ಶೇ 70ರಷ್ಟು ಬಲ ಬೆನ್ನಿಗೆ ಒತ್ತುತ್ತದೆ. ಚೆನ್ನಾಗಿರುತ್ತದೆ, ನಿಜ. ಆದರೆ ನಾಲ್ಕೇ ಸೆಕೆಂಡಿನಲ್ಲಿ ಮುಗಿಯುತ್ತದೆ, ಸಾರ್ವಜನಿಕ ರಸ್ತೆಯಲ್ಲಿ ಮತ್ತೆ ಮತ್ತೆ ಮಾಡುವಂಥದ್ದೂ ಅಲ್ಲ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಕಾರಿಗೆ ಸುಮಾರು 115 ಅಶ್ವಶಕ್ತಿಯ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ. 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಜನ ಅದನ್ನು ಕೊಂಡದ್ದು ಸಾಧಾರಣ ವೇಗದಲ್ಲೂ ಸಿಗುವ ಖುಷಿಗೆ. 2012ರ ಟೊಯೋಟಾ 86ಗೆ 215 ಮಿ.ಮೀ. ಅಗಲದ ಸಾಧಾರಣ ಟಯರ್ ಕೊಟ್ಟದ್ದೂ ಕಡಿಮೆ ವೇಗದಲ್ಲೇ ಕಾರು ಮಾತಾಡಲಿ ಎಂದು.

ನೀವೂ ಅದನ್ನೇ ನೋಡಿ. ಆಕ್ಸಿಲರೇಟರಿಗೆ ಕಾಲು ತಾಗಿಸಿದೊಡನೆ ಕಾರು ಸ್ಪಂದಿಸುತ್ತದೆಯೇ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಚುರುಕಾಗುವವರೆಗೆ ಕಾಯಬೇಕೇ? ಬ್ರೇಕ್ ಪೆಡಲಿನ ಮೊದಲ ಒಂದು ಸೆಂಟಿಮೀಟರಿನಲ್ಲಿ ಹಿಡಿತ ಇದೆಯೇ, ಒಮ್ಮೆಲೇ ಕಚ್ಚುತ್ತದೆಯೇ? ಸ್ಟಿಯರಿಂಗ್ ತಿರುಗಿಸಿದಷ್ಟೂ ಭಾರ ಕ್ರಮವಾಗಿ ಏರುತ್ತದೆಯೇ? ಎರಡನೇ ಗೇರ್ ವಿಪರೀತ ಉದ್ದವಿದ್ದರೆ, ಅಂದರೆ ಆ ಒಂದೇ ಗೇರಿನಲ್ಲಿ ಕಾರು ತೀರಾ ಹೆಚ್ಚು ವೇಗದವರೆಗೆ ಹೋಗುವಂತಿದ್ದರೆ, ಎಂಜಿನ್ ಹಾಡಲು ಶುರು ಮಾಡುವ ಹೊತ್ತಿಗೆ ವೇಗದ ಮಿತಿ ದಾಟಿರುತ್ತೀರಿ, ಅದೊಂದು ದೊಡ್ಡ ಕೊರತೆ. ಎರಡು ಕ್ಲಚ್ಚುಗಳಿಂದ ತಾನೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದ್ದರೆ ಆಮೆ ವೇಗದ ಟ್ರಾಫಿಕ್ಕಿನಲ್ಲಿ ಐದು ನಿಮಿಷ ತೆವಳಿಸಿ, ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ಜರ್ಕ್ ಕಾಣುವುದು ಅಲ್ಲೇ.

ಸದ್ದು ಮತ್ತು ಪಕ್ಕದ ಸೀಟು

ಟಾಪ್ ಗೇರಿನಲ್ಲಿ, ಕಿಟಕಿ ಮುಚ್ಚಿ, ವೇಗ ಬದಲಿಸದೆ ಹತ್ತು ನಿಮಿಷ ಸಾಗಿ. ಎಕ್ಸಾಸ್ಟಿನ ಗುಂಯ್‌ಗುಡುವಿಕೆ ಕಿವಿಗೆ ಒತ್ತಿದಂತಾದರೆ ಸದ್ದು ತಗ್ಗಿಸಲು ಎಕ್ಸಾಸ್ಟ್ ಕೊಳವೆಯಲ್ಲಿ ವಾಲ್ವ್ ಇದ್ದರೆ ಅದನ್ನು ಮುಚ್ಚಿ ನೋಡಿ. ಆಗಲೂ ನಿಲ್ಲದಿದ್ದರೆ ಆ ಕಾರು ದೂರ ಪ್ರಯಾಣಕ್ಕಲ್ಲ. ಸ್ಪೀಕರಿನಿಂದ ಹೊರಡಿಸುವ ನಕಲಿ ಸದ್ದನ್ನು ಆಫ್ ಮಾಡಿಯೇ ಕೇಳಬೇಕು.

ವಾಪಸು ಬರುವಾಗ ಪಕ್ಕದ ಸೀಟಿನಲ್ಲಿ ನೀವು ಕೂರಿ. ಸ್ಟಿಯರಿಂಗ್ ಹಿಡಿದಾಗ ಖುಷಿಯಲ್ಲಿ ಮರೆತ ಏಟುಗಳೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಆ ಸೀಟಿಗೆ ಎತ್ತರ ಹೊಂದಿಸುವ ವ್ಯವಸ್ಥೆ ಇದೆಯೇ ಎಂದೂ ನೋಡಿ, ಎಷ್ಟೋ ಕಾರುಗಳಲ್ಲಿ ಇರುವುದಿಲ್ಲ. ನಿಮ್ಮ ಜೊತೆ ಹೆಚ್ಚು ಓಡಾಡುವವರನ್ನು ಕರೆದೊಯ್ದು ಅವರ ಮಾತನ್ನೂ ಬರೆದಿಟ್ಟುಕೊಳ್ಳಿ.

ಅದೇ ದಿನ ಸಹಿ ಹಾಕಬೇಡಿ. ಒಂದೆರಡು ದಿನ ಬಿಟ್ಟು ಅದೇ ದಾರಿಯಲ್ಲಿ ಮತ್ತೊಮ್ಮೆ ಓಡಿಸಿ. ಕೊಡಲ್ಲ ಎಂದರೆ ಅದೇ ಮಾದರಿಯನ್ನು ದಿನದ ಬಾಡಿಗೆಗೆ ತರಲು ಸಾಧ್ಯವೇ ನೋಡಿ. ಕಾರನ್ನು ಒಪ್ಪಿದಿರಾದರೆ, ನೀವು ಓಡಿಸಿದ ಕಾರಿನ ಟಯರ್ ಅಳತೆ, ಡ್ಯಾಂಪರಿನ ಬಗೆ, ಸೀಟಿನ ಮಾದರಿ ಮೂರನ್ನೂ ಆರ್ಡರ್ ಫಾರ್ಮಿನಲ್ಲಿ ಬರೆಸಿ, ಡೆಲಿವರಿ ದಿನ ಕೀ ತೆಗೆದುಕೊಳ್ಳುವ ಮೊದಲು ಅದರೊಂದಿಗೆ ತಾಳೆ ನೋಡಿ.