ನುಡಿ ಟೈಪಿಂಗಿಗೂ ಗೇಮಿಗೂ ಒಂದೇ ಕೀಬೋರ್ಡ್: ಸ್ವಿಚ್ ತೂಕ ಹೊಂದಿಸಿದ್ದು

ರಾಯಚೂರಿನ ನನ್ನ ಡಿಟಿಪಿ ಅಂಗಡಿಯಲ್ಲಿ ಹಗಲು ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ರಾತ್ರಿ ಗೇಮು. ಪ್ರತಿ ಕೀಯಡಿ ಒಂದು ಸ್ವಿಚ್ ಇರುತ್ತದೆ, ಅದನ್ನು ಒತ್ತಲು ಬೇಕಾದ ಬಲವೇ ಅದರ ತೂಕ. 45 ಗ್ರಾಂ ತೂಕದ ರೆಡ್ ಸ್ವಿಚ್ ಮೇಲೆ ಬೆರಳಿಟ್ಟರೆ ಸಾಕು, ಬೇಡದ ಅಕ್ಷರ ಬೀಳುತ್ತಿತ್ತು. ಎಲ್ಲವನ್ನೂ 60ರ ಬ್ಲ್ಯಾಕ್ ಮಾಡಿದೆ. ತಪ್ಪು ನಿಂತವು, ಗೇಮಿನಲ್ಲಿ ಎಡಗೈ ಸೋಲತೊಡಗಿತು. ಕೀಕ್ಯಾಪಿನಡಿ ರಬ್ಬರ್ ಉಂಗುರ ಹಾಕಿದೆ, ಸದ್ದು ಇಳಿಯಿತಷ್ಟೆ.

ಸರಿಹೋದದ್ದು ಬೆರಕೆಯಿಂದ. ಬೋರ್ಡ್ ಹಾಟ್‌ಸ್ವಾಪ್ ಇರಬೇಕು, ಅಂದರೆ ಸ್ವಿಚ್ ಕಿತ್ತು ಬೇರೆಯದು ಕೂರಿಸುವಂತಿರಬೇಕು, ಬೆಸುಗೆಯದಾದರೆ ಹೀಗೆ ಕಿತ್ತು ಹಾಕಲಾಗದು. ಕೇಬಲ್ ತೆಗೆದು, ಗೇಮಿನಲ್ಲಿ ಎಡಗೈ ಒತ್ತುವ ಡಬ್ಲ್ಯೂ, ಎಸ್, ಡಿ, ಎಡ ಶಿಫ್ಟ್‌ಗೆ ಮಾತ್ರ ರೆಡ್ ಹಾಕಿದೆ, ಎ ಒಂದು ಬಿಟ್ಟು ಉಳಿದದ್ದೆಲ್ಲ ಬ್ಲ್ಯಾಕ್. ಎರಡೂ 2 ಮಿ.ಮೀ. ಒತ್ತಿದಾಗಲೇ ತಾಗುವುದರಿಂದ ಆಳ ಒಂದೇ ಅನಿಸುತ್ತದೆ. ಎ ಮೇಲೆ ಕಿರುಬೆರಳು ಸದಾ ಕೂತಿರುತ್ತದೆ. ಅಲ್ಲಿ ರೆಡ್ ಇದ್ದಾಗ ‘ಅ’ ತಾನಾಗಿ ಬೀಳುತ್ತಿತ್ತು, 55ರ ಬ್ರೌನ್ ಹಾಕಿದ ಮೇಲೆ ನಿಂತಿತು. ನುಡಿಯಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಬೇಕು, ಅದು ಬ್ಲ್ಯಾಕ್ ಆಗಿಯೇ ಇರಲಿ. ಸ್ವಿಚ್ ಕೂರಿಸುವ ಮುನ್ನ ಪಿನ್‌ಗಳು ನೆಟ್ಟಗಿವೆಯೇ ನೋಡಿ, ನೇರವಾಗಿ ಒತ್ತಿ.