ಶಿಕ್ಷಕರ ವೃತ್ತಿ ಕರ್ತೃತ್ವವನ್ನು ಅಧ್ಯಯನ ಮಾಡುವ ಬಗೆ

"ತರಗತಿಯಲ್ಲಿ ನಿಮಗೆ ಸ್ವಾತಂತ್ರ್ಯವಿದೆಯೇ?" ಎಂದು ಪ್ರಶ್ನಾವಳಿ ಹಂಚಿ ಉತ್ತರಗಳನ್ನು ಎಣಿಸಿದರೆ ತಿಳಿಯುವುದು ಶಿಕ್ಷಕರ ಅಭಿಪ್ರಾಯವೇ ಹೊರತು ಅವರ ಕರ್ತೃತ್ವವಲ್ಲ, ಅಂದರೆ ಸಂದರ್ಭವನ್ನು ತೂಗಿ ನೋಡಿ ತಾವೇ ನಿರ್ಧರಿಸಿ ನಡೆಯುವ ಬಗೆಯಲ್ಲ. ಸ್ಕಾಟ್ಲೆಂಡಿನಲ್ಲಿ ಹೊಸ ಪಠ್ಯಕ್ರಮ ಜಾರಿಯಾಗುತ್ತಿದ್ದಾಗ ಅಲ್ಲಿನ ಶಾಲೆಗಳನ್ನು ಅಧ್ಯಯನ ಮಾಡಿದ ಮಾರ್ಕ್ ಪ್ರೀಸ್ಟ್‌ಲಿ, ಗರ್ಟ್ ಬೀಸ್ಟಾ ಮತ್ತು ಸಾರಾ ರಾಬಿನ್ಸನ್ ಅವರು ಕರ್ತೃತ್ವವನ್ನು ವ್ಯಕ್ತಿಯೊಳಗಿನ ಗುಣವೆಂದು ನೋಡದೆ, ವ್ಯಕ್ತಿ ಮತ್ತು ಪರಿಸರ ಕೂಡಿದಲ್ಲಿ ಮೂಡುವಂಥದ್ದೆಂದು ನೋಡಿದರು. ಆದ್ದರಿಂದ ಸಂಶೋಧಕರು ಶಿಕ್ಷಕರ ಹಿಂದಿನ ಅನುಭವ, ಮುಂದಿನ ಆಶಯ ಹಾಗೂ ಇಂದಿನ ಶಾಲೆಯಲ್ಲಿ ಸಾಧ್ಯವಿರುವುದು, ಈ ಮೂರನ್ನೂ ಒಟ್ಟಿಗೆ ಹಿಡಿಯಬೇಕಾಗುತ್ತದೆ.

ನಮ್ಮಲ್ಲಿ ಇದಕ್ಕೆ ತಕ್ಕ ಕ್ಷೇತ್ರ ಸರ್ಕಾರಿ ಶಾಲೆಗಳ ನಲಿಕಲಿ ತರಗತಿ, ಅಂದರೆ ಪುಟ್ಟ ಮಕ್ಕಳು ಗುಂಪುಗಳಲ್ಲಿ ಕುಳಿತು ಚಟುವಟಿಕೆಯ ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ತರಗತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಅದು ಆರಂಭವಾದಾಗ ಕಲಿಕಾ ಕಾರ್ಡುಗಳನ್ನು ರೂಪಿಸುವ ಕೆಲಸದಲ್ಲಿ ಶಿಕ್ಷಕರೇ ಇದ್ದರು. ರಾಜ್ಯಕ್ಕೆಲ್ಲ ಹರಡಿದ ಮೇಲೆ ಬಹುಪಾಲು ಶಿಕ್ಷಕರಿಗೆ ದೊರೆತದ್ದು ಸಿದ್ಧ ಕಾರ್ಡುಗಳು. ಹೀಗಾಗಿ ಮೊದಲು ಸುತ್ತೋಲೆ ಮತ್ತು ತರಬೇತಿ ಕೈಪಿಡಿಗಳನ್ನು ಓದಿ, ಯಾವುದು ಕಡ್ಡಾಯ, ಯಾವುದು ಶಿಕ್ಷಕರ ವಿವೇಚನೆಗೆ ಬಿಟ್ಟದ್ದು ಎಂದು ಗುರುತಿಸಿಕೊಳ್ಳಿ.

ಇಲಾಖೆಯ ಅನುಮತಿ ಸಿಕ್ಕಿತೆಂದರೆ ಶಿಕ್ಷಕರು ಒಪ್ಪಿದರೆಂದು ಅರ್ಥವಲ್ಲ. ಅವರ ಒಪ್ಪಿಗೆಯನ್ನು ಬೇರೆಯಾಗಿಯೇ ಕೇಳಬೇಕು. ಅನಂತರ ಒಂದೇ ತರಗತಿಯಲ್ಲಿ ಹಲವು ದಿನ ಕುಳಿತುಕೊಳ್ಳಿ, ಏಕೆಂದರೆ ಮೊದಲ ದಿನಗಳಲ್ಲಿ ನಿಮ್ಮನ್ನು ತಪಾಸಣೆಗೆ ಬಂದವರೆಂದೇ ಭಾವಿಸುವ ಸಂಭವ ಹೆಚ್ಚು. ಸ್ವಕಲಿಕೆಯ ತಟ್ಟೆಯಲ್ಲಿ (ತಾವೇ ಕಲಿಯುವ ಮಕ್ಕಳ ಗುಂಪಿನಲ್ಲಿ) ಕೂರಬೇಕಿದ್ದ ಮಗುವನ್ನು ಶಿಕ್ಷಕಿ ತಮ್ಮ ಪಕ್ಕಕ್ಕೆ ಕರೆದು, ಕಾರ್ಡನ್ನು ಮಗುಚಿಟ್ಟು, ನೆಲದ ಮೇಲೆ ಹುಣಸೆಬೀಜ ಹರಡಿ ಎಣಿಸಲು ಹೇಳಿದರೆನ್ನಿ. ಕಂಡದ್ದನ್ನು ಕಂಡಂತೆ ಬರೆದುಕೊಳ್ಳಿ, ವ್ಯಾಖ್ಯಾನ ಬೇಡ. ಅಂದೇ ಸಂಜೆ, ಮುಖ್ಯಶಿಕ್ಷಕರು ಎದುರಿಗಿಲ್ಲದಾಗ, ಆ ಒಂದು ಗಳಿಗೆಯ ಬಗ್ಗೆ ಮಾತನಾಡಿ. "ಕಾರ್ಡು ಏಕೆ ಬಳಸಲಿಲ್ಲ?" ಎಂದರೆ ಅದು ವಿಚಾರಣೆಯಾಗುತ್ತದೆ, "ಮೇಡಂ, ಆಗ ಮಗುವಿನಲ್ಲಿ ನಿಮಗೆ ಏನು ಕಂಡಿತು?" ಎಂದರೆ ಅವರ ಯೋಚನೆ ಹೊರಬರುತ್ತದೆ. ಹೀಗೆ ಎಣಿಸುವುದನ್ನು ಎಲ್ಲಿ ಕಲಿತರು, ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಸಮಾಲೋಚನಾ ಸಭೆಯಲ್ಲಿ ಇದನ್ನು ಹೇಳಿಕೊಳ್ಳಬಲ್ಲರೇ, ದಾಖಲೆಯಲ್ಲಿ ಏನೆಂದು ಬರೆದರು ಎಂಬುದನ್ನೂ ಕೇಳಿ.

ವಿಶ್ಲೇಷಣೆಯಲ್ಲಿ ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ನಿಯಮ ಮೀರಿದ್ದೆಲ್ಲ ಕರ್ತೃತ್ವ, ಪಾಲಿಸಿದ್ದೆಲ್ಲ ವಿಧೇಯತೆ ಎಂದು ವಿಂಗಡಿಸುವುದು. ಈ ಮಗುವಿಗೆ ಇದೇ ಸರಿ ಎಂದು ತೂಗಿ ನೋಡಿ ಕಾರ್ಡನ್ನೇ ಆರಿಸಿದ ಶಿಕ್ಷಕರದೂ ಕರ್ತೃತ್ವವೇ. ಕೇವಲ ಬೇಸತ್ತು ಕಾರ್ಡು ಬಿಟ್ಟವರದು ಹಾಗಲ್ಲದಿರಬಹುದು.

ವರದಿಯಲ್ಲಿ ಹೆಸರು ಬದಲಿಸಿದರೆ ಸಾಲದು. ಇಬ್ಬರೇ ಶಿಕ್ಷಕರಿರುವ ಶಾಲೆಯ ಹುಣಸೆಬೀಜದ ಪ್ರಸಂಗವನ್ನು ಓದಿದೊಡನೆ ಆ ಕ್ಲಸ್ಟರಿನವರೆಲ್ಲ (ಅಕ್ಕಪಕ್ಕದ ಶಾಲೆಗಳ ಗುಂಪಿನವರೆಲ್ಲ) ಆ ಶಿಕ್ಷಕಿಯನ್ನು ಗುರುತಿಸಿಬಿಡುತ್ತಾರೆ. ಆದ್ದರಿಂದ ಪ್ರಕಟಿಸುವ ಮುನ್ನ ಆ ಭಾಗವನ್ನು ಅವರಿಗೇ ಓದಿ ಹೇಳಿ, ಬೇಡವೆಂದರೆ ತೆಗೆದುಬಿಡಿ.